ಹೊಲಿಗೆ ಅಕ್ಕನ ಕಾಣದ ಅಂಗಡಿ

ಹೋದ ವಾರ ಮೊದಲ ಹಿಮ ಬಿದ್ದ ದಿನವೇ ನನ್ನ ಹೊಸ ಜಾಕೆಟ್ಟಿನ ಜಿಪ್ ಕಿತ್ತುಹೋಯಿತು. ಬೇರೆ ದಾರಿಯಿಲ್ಲದೆ ನೆಲಮಾಳಿಗೆಯ ಸಾಮಾನು ಗೂಡಿಗೆ ಹೋಗಿ, ಮೂರು ವರ್ಷದಿಂದ ಮುಟ್ಟದೆ ಬಿಟ್ಟಿದ್ದ ಹಳೆಯ ಕಪ್ಪು ಜಾಕೆಟ್ಟನ್ನು ತೆಗೆದು ಕೊಡವಿದೆ. ಒಳಜೇಬಿನಿಂದ ನೀಲಿ ಬಣ್ಣದ, ಚಪ್ಪಟೆಯಾದ ಸೀಮೆಸುಣ್ಣದ ತುಂಡೊಂದು ಬಿದ್ದು ನೆಲದ ಮೇಲೆ ಎರಡಾಯಿತು. ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಸುಣ್ಣ. ಜಾಕೆಟ್ಟನ್ನು ಮುಖಕ್ಕೆ ಹಿಡಿದು ಮೂಸಿದೆ. ಇಸ್ತ್ರಿಯ ಹಬೆ, ಒದ್ದೆ ಉಣ್ಣೆ, ಅದರ ಹಿಂದೆಯೇ ಊದುಬತ್ತಿ... ನಿಜವಾಗಿ ಇತ್ತೋ, ನಾನೇ ಅಂದುಕೊಂಡೆನೋ. ಹೊಲಿಗೆ ಅಕ್ಕನ ಅಂಗಡಿಯ ವಾಸನೆ. ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿದ್ದ ನಾವು ಕನ್ನಡದವರೆಲ್ಲ ಅವರನ್ನು ಹೊಲಿಗೆ ಅಕ್ಕ ಎಂದೇ ಕರೆಯುತ್ತಿದ್ದೆವು. ದಾವಣಗೆರೆ ಕಡೆಯವರು. ನಮ್ಮ ಮುಂದೆ ಬೆಂಗಳೂರು ಕನ್ನಡವನ್ನೇ ಆಡುತ್ತಿದ್ದರು, ಮನಸ್ಸು ಕೆಟ್ಟಾಗ ಮಾತ್ರ ಊರಿನ ಮಾತು ಹೊರಗೆ ಬರುತ್ತಿತ್ತು. ಅವರ ಗಂಡ ಕೆಲಸ ಬದಲಿಸಿ ಬೇರೆ ದೇಶಕ್ಕೆ ಹೋದವನು ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಲೇ ಇಲ್ಲ. ಅವನ ಕೆಲಸದ ಪರ್ಮಿಟ್ಟಿನ ಬಾಲ ಹಿಡಿದು ಇಲ್ಲಿದ್ದವರು ಇವರಿಬ್ಬರು. ಬಾಲ ಕತ್ತರಿಸಿದ ಮೇಲೆ ಅಕ್ಕ ತಮ್ಮದೇ ಹೆಸರಿನಲ್ಲಿ, ಸ್ವಂತ ವ್ಯಾಪಾರ ಮಾಡುತ್ತೇನೆಂದು ಅರ್ಜಿ ಹಾಕಿ ಎರಡು ವರ್ಷದ ಅನುಮತಿ ಪಡೆದಿದ್ದರು. ಅಷ್ಟರೊಳಗೆ ಅಂಗಡಿ ತನ್ನ ಕಾಲ ಮೇಲೆ ನಿಂತು ಇಬ್ಬರ ಹೊಟ್ಟೆ ತುಂಬಿಸುತ್ತದೆ ಎಂದು ತೋರಿಸಬೇಕು, ಇಲ್ಲವಾದರೆ ದೇಶ ಬಿಡಬೇಕು.

ಮಗಳು ಮೂರು ವರ್ಷದವಳಿದ್ದಾಗ ಬಂದವಳು. ದಾಗಿಸ್ ಶಿಶುವಿಹಾರದ ಮರಳಿನಲ್ಲಿ ಆಡಿ ಬೆಳೆದು ಈಗ ಗಿಮ್ನೇಸಿಯಂ ಎಂಬ ಇಲ್ಲಿನ ಹೈಸ್ಕೂಲಿಗೆ ಬಂದಿದ್ದಳು. ಕನ್ನಡ ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅವಳ ಓದು ಇಲ್ಲೇ ಮುಗಿಯಲಿ ಎನ್ನುವುದೊಂದೇ ಅಕ್ಕನ ಆಸೆಯಾಗಿತ್ತು. ತಮಗಾಗಿ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಅಂಗಡಿ ಇದ್ದದ್ದು ಹಳೆಯ ಅಪಾರ್ಟ್‌ಮೆಂಟೊಂದರ ಹಿತ್ತಿಲ ಕಡೆಯ ನೆಲಮಾಳಿಗೆಯಲ್ಲಿ. ಕಿಟಕಿಯಿಂದ ನೋಡಿದರೆ ಹೊರಗೆ ಓಡಾಡುವವರ ಬೂಟುಗಳಷ್ಟೇ ಕಾಣುತ್ತಿದ್ದವು, ಬಗ್ಗಿ ಒಳಗೆ ನೋಡುವವರು ಯಾರೂ ಇರಲಿಲ್ಲ. ನಮ್ಮ ಹೆಂಗಸರ ರವಿಕೆಗಳು ವರಮಹಾಲಕ್ಷ್ಮಿಗೊಮ್ಮೆ, ದೀಪಾವಳಿಗೊಮ್ಮೆ ಬರುತ್ತಿದ್ದವು. ಅದರಲ್ಲಿ ವರ್ಷ ಕಳೆಯುವುದು ಆಗದ ಮಾತು. ವರ್ಷವಿಡೀ ಬರುವ ಕೆಲಸ ಎಂದರೆ ಸ್ವೀಡಿಶರ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಜಿಪ್ ಬದಲಿಸುವುದು, ಪರದೆ ಹೊಲಿಯುವುದು. ಅವರು ಇದನ್ನೆಲ್ಲ ಹುಡುಕುವುದು ಫೋನಿನಲ್ಲಿ. ಅಲ್ಲಿ ಇಲ್ಲದ ಅಂಗಡಿ ಅವರ ಪಾಲಿಗೆ ಊರಿನಲ್ಲೂ ಇಲ್ಲ.

ಒಂದು ದಿನ ಅಕ್ಕ, ‘ತಮ್ಮ, ಕಡಿಮೆ ಖರ್ಚಲ್ಲಿ ನಂಗೊಂದು ವೆಬ್‌ಸೈಟ್ ಮಾಡ್ಕೊಡ್ತೀಯಾ?’ ಎಂದು ಕೇಳಿದರು. ನನ್ನ ಹೆಂಡತಿಯ ಸೀಮಂತಕ್ಕೆ ಒಂದೇ ದಿನದಲ್ಲಿ ರವಿಕೆ ಹೊಲಿದುಕೊಟ್ಟ ಕೈ ಅದು. ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ವೆಬ್‌ಸೈಟ್ ಕಟ್ಟುವುದು ನನ್ನ ಕಸುಬೇ ಅಲ್ಲ. ನಾನು ಶಿಸ್ತಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟರ್. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಆದರೆ ನಮ್ಮವರ ಲೆಕ್ಕದಲ್ಲಿ ಪ್ರಿಂಟರ್ ಸರಿಮಾಡಲು ಬರುವವನಿಗೆ ರಾಕೆಟ್ ಬಿಡಲೂ ಬರುತ್ತದೆ. ನಾನೂ ತಿದ್ದಲು ಹೋಗಲಿಲ್ಲ. ಎದೆಯುಬ್ಬಿಸಿ ಒಪ್ಪಿಕೊಂಡೆ.

ಪುಕ್ಕಟೆ ಮಾಡಿಸಿಕೊಳ್ಳಲು ಅಕ್ಕ ಒಪ್ಪಲಿಲ್ಲ. ಬದಲಿಗೆ ನನ್ನ ಈ ಕಪ್ಪು ಜಾಕೆಟ್ಟಿನ ಹರಿದ ಒಳಬಟ್ಟೆ ತೆಗೆದು ಹೊಸದು ಹಾಕಿ, ಜಿಪ್ ಬದಲಿಸಿ, ಕೇಳದಿದ್ದರೂ ಒಳಗೊಂದು ಗುಟ್ಟಿನ ಜೇಬು ಇಟ್ಟುಕೊಟ್ಟರು.

ಸೆಪ್ಟೆಂಬರ್ ತಿಂಗಳ ನಾಲ್ಕು ಶನಿವಾರ ನಾನು ಲ್ಯಾಪ್‌ಟಾಪನ್ನು ಅವರ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟುಕೊಂಡು ಕುಳಿತೆ. ಇರುವುದರಲ್ಲೇ ಅಗ್ಗದ ಸಿದ್ಧ ಮಾದರಿ, ಒಂದೇ ಪುಟ. ಏನೇನು ಹೊಲಿಯುತ್ತಾರೆ, ಅಂಗಡಿ ಎಲ್ಲಿದೆ, ಎಷ್ಟು ಹೊತ್ತು ತೆರೆದಿರುತ್ತದೆ, ಕೊನೆಯಲ್ಲಿ ಸಂದೇಶ ಕಳಿಸಲು ಒಂದು ಚೌಕ. ನಾನು ಬರೆದ ಸ್ವೀಡಿಶ್ ಓದಿ ಮಗಳು ಬಿದ್ದು ಬಿದ್ದು ನಕ್ಕಳು. ಕೊಮ್ಯೂನ್ ಎಂಬ ಇಲ್ಲಿನ ನಗರಸಭೆಯ ಆಫೀಸಿನಿಂದ ಬಂದ ನೋಟಿಸಿನ ಹಾಗಿದೆಯಂತೆ. ಎಲ್ಲವನ್ನೂ ಅವಳೇ ಹೊಸದಾಗಿ ಬರೆದಳು. ಬಟ್ಟೆ ಕಣ್ಣಲ್ಲಿ ನೋಡದೆ ಬೆಲೆ ಹೇಗೆ ಹಾಕುವುದೆಂದು ಅಕ್ಕ ಹಟ ಹಿಡಿದರು. ಬೆಲೆ ಇಲ್ಲದಿದ್ದರೆ ಇಲ್ಲಿನವರು ಮೆಟ್ಟಿಲೇ ಇಳಿಯುವುದಿಲ್ಲ ಎಂದು ಮಗಳು ವಾದಿಸಿ ಗೆದ್ದಳು. ಮುಖದ ಫೋಟೋ ಬೇಡವೆಂದರು ಅಕ್ಕ, ಅಂಗಡಿಗೆ ಬರುವವರು ಹೊಲಿಗೆ ನೋಡಲಿ, ನನ್ನನ್ನಲ್ಲ ಎಂದು. ಹಾಗಾಗಿ ಪುಟದ ನೆತ್ತಿಯ ಮೇಲೆ ಬಂದದ್ದು ನನ್ನ ಜಾಕೆಟ್ಟಿನ ಒಳಮೈ.

ಇನ್ನೊಂದು ಕೋರಿಕೆ ಇತ್ತು. ‘ಆಯುಧಪೂಜೆ ಆಗೋವರೆಗೂ ಇದು ಯಾರ ಕಣ್ಣಿಗೂ ಬೀಳಬಾರ್ದು ತಮ್ಮ. ಅರ್ಧ ಹೊಲಿದ ಬಟ್ಟೆ ಯಾರಿಗೂ ತೋರಿಸಬಾರ್ದು.’ ದೃಷ್ಟಿಯ ಭಯ. ನನಗೆ ನಗು ಬಂತು, ಆದರೂ ನಡೆಸಿಕೊಡುವುದು ಸುಲಭವಿತ್ತು. ಸೆಟ್ಟಿಂಗ್ಸ್ ಒಳಗೆ ಒಂದು ಪುಟ್ಟ ಚೌಕವಿರುತ್ತದೆ. ಅದಕ್ಕೆ ಟಿಕ್ ಹಾಕಿದರೆ ವಿಳಾಸ ಗೊತ್ತಿರುವವರು ಮಾತ್ರ ಪುಟದೊಳಗೆ ಬರಬಹುದು. ಫೋನಿನಲ್ಲಿ ‘ಹತ್ತಿರದ ದರ್ಜಿ’ ಎಂದು ಹುಡುಕುವವರಿಗೆ ಅಂಥದೊಂದು ಅಂಗಡಿ ಇರುವುದೇ ತಿಳಿಯುವುದಿಲ್ಲ. ಟಿಕ್ ಹಾಕಿದೆ.

ಆಯುಧಪೂಜೆಯ ದಿನ ಅಕ್ಕ ಹೊಲಿಗೆ ಯಂತ್ರಕ್ಕೆ, ಕತ್ತರಿಗೆ, ಇಸ್ತ್ರಿಪೆಟ್ಟಿಗೆಗೆ ಕುಂಕುಮ ಹಚ್ಚಿ, ನನ್ನ ಲ್ಯಾಪ್‌ಟಾಪಿಗೂ ಹಚ್ಚಿದರು. ಮರುದಿನ ವಿಜಯದಶಮಿ. ನಮ್ಮ ಕನ್ನಡದ ಗುಂಪಿಗೆ ಲಿಂಕ್ ಕಳಿಸಿದೆ. ಹೂವು, ಕೈಮುಗಿದ ಚಿತ್ರ, ಚಪ್ಪಾಳೆ ಬಂದವೋ ಬಂದವು. ಹೊಗಳಿಕೆ ಅಕ್ಕನಿಗೆ ಎಷ್ಟು ಬಂತೋ ನನಗೂ ಅಷ್ಟೇ ಬಂತು. ಆ ಸಡಗರದಲ್ಲಿ ನಾನು ಟಿಕ್ ತೆಗೆಯಲಿಲ್ಲ. ಮರೆತೆ. ಆಫೀಸಿನಲ್ಲಿ ಒಂದು ಗುಂಡಿಯ ಬಣ್ಣ ಬದಲಾದರೂ ಉದ್ದದ ಪಟ್ಟಿ ಹಿಡಿದು ಒಂದೊಂದನ್ನೂ ಪರೀಕ್ಷಿಸುವವನು ಇಲ್ಲಿ ಪಟ್ಟಿಯನ್ನೇ ಮಾಡಿರಲಿಲ್ಲ. ಮನೆ ಕೆಲಸ ತಾನೇ ಎಂದು.

ಅಕ್ಕ ಕಾದರು. ಅಕ್ಟೋಬರ್ ಕಳೆಯಿತು, ನವೆಂಬರಿನ ಕತ್ತಲೆ ಬಂತು. ಸಂದೇಶದ ಚೌಕದಿಂದ ಒಂದು ಸಾಲೂ ಬರಲಿಲ್ಲ. ದಾರಿ ತಪ್ಪಿಯೋ ಬೋರ್ಡು ನೋಡಿಯೋ ಯಾರಾದರೂ ಒಳಗೆ ಬಂದರೆ, ಫೋನಿನಲ್ಲಿ ನೋಡಿ ಬಂದಿರಾ ಎಂದು ತಮ್ಮ ಹರುಕು ಸ್ವೀಡಿಶಿನಲ್ಲಿ ಕೇಳುತ್ತಿದ್ದರು. ಯಾರೂ ಹೌದೆನ್ನಲಿಲ್ಲ. ನಾನು ಹೋದಾಗಲೆಲ್ಲ ಫೋನು ಮುಂದೆ ಹಿಡಿದು, ಎಲ್ಲ ಸರಿಯಾಗಿದೆಯಾ ನೋಡು ಎನ್ನುತ್ತಿದ್ದರು. ಎಲ್ಲ ಸರಿಯಾಗಿದೆ ಅಕ್ಕ, ಇಂಥವಕ್ಕೆ ಸಮಯ ಬೇಕು ಎನ್ನುತ್ತಿದ್ದೆ.

ಡಿಸೆಂಬರಿನಲ್ಲಿರಬೇಕು, ಮಗಳು ಅಂಗಡಿಯಲ್ಲೇ ನನಗೆ ಹೇಳಿದಳು. ‘ಅಂಕಲ್, ನನ್ನ ಫ್ರೆಂಡ್ಸ್ ಸರ್ಚ್ ಮಾಡಿದ್ರು. ಬರ್ತಾ ಇಲ್ಲ. ಸೆಂಟ್ರಮ್ ಪೇಟೆಯ ಬೇರೆ ಎರಡು ಅಂಗಡೀನೇ ಬರುತ್ತೆ.’

ನಾನು ಜೇಬಿನಿಂದ ಫೋನ್ ತೆಗೆದೆ. ಮೊದಲ ಎರಡು ಅಕ್ಷರ ಒತ್ತುತ್ತಿದ್ದಂತೆ ಪುಟ ತೆರೆದುಕೊಂಡಿತು. ತೆರೆಯದೇ ಏನು, ನಾನು ನೂರು ಸಲ ಹೋಗಿ ಬಂದ ವಿಳಾಸವದು, ಫೋನು ನೆನಪಿಟ್ಟುಕೊಂಡಿತ್ತು. ‘ನೋಡು, ನನ್ನ ಫೋನಲ್ಲಿ ಬರ್ತಿದೆಯಲ್ಲ’ ಎಂದೆ. ಆಫೀಸಿನಲ್ಲಿ ನಾನು ತಪ್ಪು ತೋರಿಸಿದಾಗ ಪ್ರೋಗ್ರಾಮರುಗಳು ಹೇಳುವ ಮಾತದು. ಹತ್ತು ವರ್ಷದಿಂದ ಆ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಅದನ್ನೇ ಆ ಹುಡುಗಿಗೆ ಹೇಳಿದೆ. ಅವಳು ಇನ್ನೇನೋ ಹೇಳಲು ಹೊರಟಳು. ಅಂಕಲ್‌ಗೆ ಗೊತ್ತಿರಲ್ವಾ, ಸುಮ್ಮನಿರು ಎಂದು ಅಕ್ಕ ಗದರಿದರು. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ಜನವರಿಯಲ್ಲಿ ಅಕ್ಕ ನನ್ನ ಜಾಕೆಟ್ಟನ್ನು ಒಂದು ವಾರಕ್ಕೆ ಕೇಳಿ ಪಡೆದರು. ಫೋಟೋದಲ್ಲಿ ಹೊಲಿಗೆ ಒರಟಾಗಿ ಕಾಣುತ್ತಿದೆ, ಅದಕ್ಕೇ ಯಾರೂ ಬರುತ್ತಿಲ್ಲ ಎಂದು ಅವರಿಗೆ ಅನಿಸಿತ್ತು. ಒಳಬಟ್ಟೆಯನ್ನು ಪೂರ್ತಿ ಬಿಚ್ಚಿ, ಕೈಯಿಂದಲೇ, ಸಾಸಿವೆಗಿಂತ ಸಣ್ಣ ಹೊಲಿಗೆ ಹಾಕಿ ಕೊಟ್ಟರು. ಹೊಸ ಫೋಟೋ ತೆಗೆದು ಹಾಕಿದೆ. ಮಾರ್ಚಿನಲ್ಲಿ ಮತ್ತೊಮ್ಮೆ ಬಿಚ್ಚಿದರು. ಆಗ ಅವರ ಬೆರಳ ತುದಿಗಳೆಲ್ಲ ಚುಚ್ಚಿ ಚುಚ್ಚಿ ಒಡೆದಿದ್ದವು... ಮತ್ತೆ ಫೋಟೋ ಹಾಕಿದೆ. ಅಷ್ಟು ಚೆಂದದ ಕೆಲಸ, ಎಲ್ಲವೂ ಕಾಡಿನ ಬೆಳದಿಂಗಳು. ಪ್ರತಿ ಸಲವೂ ನಾನು ಒಳಗೆ ಹೋಗಿದ್ದೆ, ಚಿತ್ರ ಬದಲಿಸಿದ್ದೆ, ಬಣ್ಣ ತಿದ್ದಿದ್ದೆ. ಆ ಚೌಕದ ಕಡೆ ಕಣ್ಣು ಹಾಯಿಸಲಿಲ್ಲ.

ಅನುಮತಿ ಮುಂದುವರಿಯಲಿಲ್ಲ. ತೋರಿಸಲು ಗಿರಾಕಿಗಳೇ ಇರಲಿಲ್ಲವಲ್ಲ, ವಲಸೆ ಕಚೇರಿಯವರು ತಾನೇ ಏನು ಮಾಡಿಯಾರು. ಮೇಲ್ಮನವಿಯೂ ನಿಲ್ಲಲಿಲ್ಲ. ಆಗಸ್ಟಿನಲ್ಲಿ, ಶಾಲೆಗಳು ತೆರೆಯುವ ವಾರ, ತಾಯಿ ಮಗಳು ಹೊರಟರು. ಏರ್‌ಪೋರ್ಟಿಗೆ ನಾನೇ ಕಾರಿನಲ್ಲಿ ಬಿಟ್ಟೆ. ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ತನ್ನ ಊರನ್ನು ಬಿಟ್ಟು, ಎರಡು ಸಲ ರಜೆಗೆ ಹೋಗಿಬಂದ ದಾವಣಗೆರೆಗೆ ಹೋಗುತ್ತಿದ್ದಳು. ನಮ್ಮ ಹಣೆಯಲ್ಲಿ ಬರೆದಿರಲಿಲ್ಲ ಎಂದರು ಅಕ್ಕ. ನಾನು ತಲೆ ಅಲ್ಲಾಡಿಸಿದೆ.

ಅಕ್ಟೋಬರಿನಲ್ಲಿ, ವೆಬ್‌ಸೈಟಿನ ಹೆಸರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಬೇಕೇ ಎಂದು ನನಗೊಂದು ಮೇಲ್ ಬಂತು. ಎಲ್ಲ ಅಳಿಸಿಬಿಡೋಣವೆಂದು ಒಳಗೆ ಹೋದೆ. ಅಲ್ಲಿ ಚೌಕವಿತ್ತು. ಚೌಕದೊಳಗೆ ನಾನು ಹಾಕಿದ ಟಿಕ್ ಹಾಗೇ ಇತ್ತು.

ಟಿಕ್ ತೆಗೆದೆ. ನನ್ನ ತಪ್ಪೇ ಕಾರಣವಲ್ಲ, ಟಿಕ್ ತೆಗೆದರೂ ಯಾರೂ ಬರುವುದಿಲ್ಲ ಎಂದು ಸಾಬೀತಾಗಲಿ ಎಂಬ ಕೆಟ್ಟ ಆಸೆ ಇದ್ದಿರಬೇಕು. ಹತ್ತನೇ ದಿನ ಮೊದಲ ಸಂದೇಶ ಬಂತು. ಎರಡು ಬೀದಿಯಾಚೆಯ ತಾಯಿಯೊಬ್ಬಳು, ಮಗುವಿನ ಚಳಿಗಾಲದ ಓವರಾಲಿನ ಜಿಪ್ ಕಿತ್ತುಹೋಗಿದೆ, ಈ ವಾರ ಆಗುತ್ತದೆಯೇ ಎಂದು ಕೇಳಿದ್ದಳು.

ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ನನ್ನ ಹೆಂಡತಿಯನ್ನು, ಮಗುವನ್ನು ವಿಚಾರಿಸಿದರು. ಜಾಕೆಟ್ಟಿನ ಜಿಪ್ ಸರಿಯಾಗಿದೆಯಾ ಎಂದು ಕೇಳಿದರು. ಆಗ ಹೇಳಿದೆ, ಒಂದನ್ನೂ ಬಿಡದೆ. ಯಂತ್ರದ ಸದ್ದು ನಿಂತಿತು.

‘ಏನ್ ಕೇಳ್ಯಾರ ಅವರು?’ ಎಂದರು ಕೊನೆಗೆ. ಮಗುವಿನ ಓವರಾಲಿಗೆ ಜಿಪ್ ಹಾಕುವುದು ಎಂದೆ.

‘ಅರ್ಧ ತಾಸಿನ ಕೆಲಸ.’

ಬೈಯಲಿ ಎಂದು ಕಾದೆ. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೋ ಏನೋ.

‘ನನ್ನ ಹೊಲಿಗಿ ಅವರಿಗೆ ಸೇರಲಿಲ್ಲ ಅಂದ್ಕಂಡಿದ್ದೆ ತಮ್ಮ. ಅವರು ನೋಡೇ ಇರಲಿಲ್ಲೇನು?’ ಎಂದು ಕೇಳಿದರು. ಆಮೇಲೆ ಸಣ್ಣಗೆ, ‘ಮಗಳಿಗೆ ಹೇಳಬ್ಯಾಡ. ಆಕಿ ಅವತ್ತೇ ಅಂದಿದ್ಲು’ ಎಂದರು. ಫೋನ್ ಇಡುವ ಮುಂಚೆ ಕೇಳಿದ್ದು ಇನ್ನೊಂದೇ. ಈಗ ಎಲ್ಲರಿಗೂ ಕಾಣುತ್ತದೆಯೇ ಎಂದು. ಕಾಣುತ್ತದೆ ಎಂದೆ.

‘ಹಂಗಾದ್ರ ಇರ್ಲಿ ಬಿಡು, ಸ್ವಲ್ಪ ದಿನ.’

ಆಮೇಲೆ ಅವರಿಗೆ ಫೋನ್ ಮಾಡಲು ನನಗೆ ಮುಖವಿರಲಿಲ್ಲ. ಹೋದ ವರ್ಷ ಧೈರ್ಯ ಮಾಡಿ ಮಾಡಿದೆ. ಆ ನಂಬರ್ ಈಗ ಬಳಕೆಯಲ್ಲಿಲ್ಲ. ಮಗಳು ಏನು ಓದಿದಳು, ಓದಿದಳೋ ಇಲ್ಲವೋ, ಅದೂ ತಿಳಿಯದು. ಅಂಗಡಿಯಿದ್ದ ಜಾಗದಲ್ಲಿ ಯಾರೋ ಸೈಕಲ್ಲುಗಳನ್ನು ಇಟ್ಟಿದ್ದಾರೆ. ವೆಬ್‌ಸೈಟ್ ಮಾತ್ರ ಹಾಗೇ ಇದೆ, ವರ್ಷ ವರ್ಷ ನಾನೇ ಮುಂದುವರಿಸುತ್ತೇನೆ. ಇಲ್ಲದ ಅಂಗಡಿ ತೋರಿಸಿ ಜನರಿಗೆ ಯಾಕೆ ಮೋಸ ಮಾಡುತ್ತೀ ಎಂದು ಹೆಂಡತಿ ರೇಗುತ್ತಾಳೆ. ಮುಚ್ಚಿದೆ ಎಂದು ಪುಟದ ಮೇಲೆ ಒಂದು ಸಾಲು ಬರೆದರೆ ಮುಗಿಯಿತು. ಕೈ ಬರುವುದಿಲ್ಲ. ಸಂದೇಶ ಬಂದಾಗಲೆಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕ್ಷಮೆ ಕೇಳಿ ಉತ್ತರಿಸುತ್ತೇನೆ.

ಇವತ್ತು ಬೆಳಿಗ್ಗೆ ರೈಲಿನಲ್ಲಿ ಆಫೀಸಿಗೆ ಹೋಗುವಾಗ ಒಂದು ಸಂದೇಶ ಬಂತು. ಬರೆದವರಿಗೆ ತಮ್ಮ ತಾಯಿಯಿಂದ ಬಂದ ಹಳೆಯ ಕೋಟು, ಒಳಬಟ್ಟೆ ಹರಿದಿದೆಯಂತೆ. ನಿಮ್ಮ ಪುಟದ ಮೊದಲ ಫೋಟೋದಲ್ಲಿರುವ ಹಾಗೆ ಹೊಲಿಯುವವರನ್ನು ಎಷ್ಟೋ ದಿನದಿಂದ ಹುಡುಕುತ್ತಿದ್ದೆ, ಶನಿವಾರ ಬರಬಹುದೇ ಎಂದು ಬರೆದಿದ್ದರು. ಫೋಟೋದಲ್ಲಿದ್ದ ಜಾಕೆಟ್ ನನ್ನ ಮೈಮೇಲಿತ್ತು. ಜಿಪ್ ಇಳಿಸಿ ಒಳಗಿನ ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿ, ಅಂಗಡಿ ಮುಚ್ಚಿದೆ ಎಂದು ಬರೆದು ಕಳಿಸಿದೆ.