ಪೇಟಿಯವನ ಅಳು

ನಮ್ಮದು ಮೂವರ ಮೇಳ. ನನ್ನ ಪಿಟೀಲು, ಆಲಮೇಲದ ಗೆಳೆಯನ ತಬಲಾ, ಸಿಂದಗಿಯವನೊಬ್ಬನ ಹಾರ್ಮೋನಿಯಂ. ಹಾಡುವವರಿಲ್ಲ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಈ ಪೇಟಿಯವನಿಗೆ ಅದು ಬರೀ ನೆಪ, ಅವನು ನುಡಿಸುವುದು ತನ್ನ ಮುಖವನ್ನು.

ಭೈರವಿ ಶುರುವಾದರೆ ಸಾಕು, ಕಣ್ಣು ಮುಚ್ಚುತ್ತಾನೆ, ತುಟಿ ನಡುಗಿಸುತ್ತಾನೆ. ಗಾಳಿ ಹಾಕಬೇಕಾದ ಎಡಗೈ ಎದೆಗೆ ಹೋಗುತ್ತದೆ, ಸ್ವರ ಕುಂಯ್ ಎಂದು ಸಾಯುತ್ತದೆ. ಮುಂದಿನ ಸಾಲಿನವರು 'ವ್ಹಾ, ವ್ಹಾ' ಅನ್ನುತ್ತಾರೆ. ಇಂಡಿ ಪಟ್ಟಣದಲ್ಲೊಮ್ಮೆ ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ನೀವೂ ಒಂಚೂರು ಭಾವ ತರ್ರಿ, ಸರ. ಬ್ಯಾಂಕಿನ್ಯಾಗ ಕುಂತಂಗ ಕುಂತಿರ್ತೀರಿ" ಎಂದರು. ಮೈಯೆಲ್ಲ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನುಡಿಸಲಾರದೆ ಅಳುತ್ತಾನೆ, ಜನ ಅದನ್ನೇ ಸಂಗೀತ ಅನ್ನುತ್ತಾರೆ.

ಹೋದ ವರ್ಷ ತಬಲಾ ಗೆಳೆಯನ ಹೆಂಡತಿ ತೀರಿಕೊಂಡರು. ಪಡಸಾಲೆಯಲ್ಲಿ ನಾವು ರಿಯಾಜ್ ಮಾಡುವಾಗ ಒಳಗೆ ರೊಟ್ಟಿ ಬಡಿಯುತ್ತ, ಗಂಡನ ತಾಳ ತಪ್ಪಿದರೆ ಬಡಿಯುವುದನ್ನೇ ನಿಲ್ಲಿಸುತ್ತಿದ್ದ ಹೆಣ್ಣುಮಗಳು. ವರ್ಷದ ಸ್ಮರಣೆಗೆ ಮನೆಯಲ್ಲೇ ನುಡಿಸೋಣ ಎಂದ ಗೆಳೆಯ.

"ಆಕಿ ಮುಂದ ಒಮ್ಮೆ ತಪ್ಪದಂಗ ಬಾರಸ್ಬೇಕ್ರಿ."

ನನಗೆ ಭಯವಿದ್ದದ್ದು ಪೇಟಿಯವನದೇ. ಸತ್ತವರ ಫೋಟೋದ ಮುಂದೂ ಇವನ ನಾಟಕ ನೋಡಬೇಕಲ್ಲ ಎಂದು ಬಸ್ಸಿನುದ್ದಕ್ಕೂ ಹಲ್ಲು ಕಡಿದೆ.

ಪಡಸಾಲೆಯಲ್ಲಿ ಫೋಟೋದ ಮುಂದೆ ನುಡಿಸುತ್ತ ತಬಲಾ ಒಂದೇ ಮೆರೆಯುವ ಭಾಗ ಬಂತು. ಆಗ ಪೇಟಿ ಒಂದೇ ಸಾಲನ್ನು ತಿರುತಿರುಗಿ ನುಡಿಸುತ್ತ ತಾಳದ ಲೆಕ್ಕ ಕಾಯಬೇಕು. ನಡುವೆ ಗೆಳೆಯನ ಕೈ ನಿಂತುಬಿಟ್ಟಿತು. ತಲೆ ತಗ್ಗಿತು, ಭುಜ ಅಲುಗತೊಡಗಿತು. ಇನ್ನು ಇವನದೂ ಶುರುವಾಯಿತು ಎಂದು ಪೇಟಿಯವನತ್ತ ನೋಡಿದೆ. ಅವನ ಕಣ್ಣು ತೆರೆದೇ ಇತ್ತು, ಗೆಳೆಯನ ಬೆರಳುಗಳ ಮೇಲಿತ್ತು. ಮುಖದಲ್ಲಿ ಏನೂ ಇಲ್ಲ. ಅದೇ ಸಾಲು, ಅದೇ ಲಯ, ಒಂದೆಳೆ ಹೆಚ್ಚುಕಡಿಮೆಯಿಲ್ಲ. ಕೊನೆಗೆ ಗೆಳೆಯ ಕೈ ಎತ್ತಿದ, ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಸೇರಿದ.

ನನಗೆ ಬಂದದ್ದು ಸಿಟ್ಟು. ಬರುತ್ತಿತ್ತಲ್ಲ ಈ ಕಳ್ಳನಿಗೆ! ಮತ್ತೆ ಇಷ್ಟು ವರ್ಷ ನಮ್ಮ ಜೀವ ಯಾಕೆ ತಿಂದ?

ಮುಂದಿನ ಕಾರ್ಯಕ್ರಮ ಬಸವನ ಬಾಗೇವಾಡಿಯಲ್ಲಿ. ಮತ್ತೆ ತುಟಿ ನಡುಗಿತು, ಗಾಳಿ ನಿಂತಿತು, ಚಪ್ಪಾಳೆ ಬಿತ್ತು. ವೇದಿಕೆ ಇಳಿದ ಕೂಡಲೇ ಬೈಯಲು ಹೊರಟೆ. ಗೆಳೆಯ ನನ್ನ ತೋಳು ಹಿಡಿದ.

"ಅಳಲಿ ಬಿಡ್ರಿ," ಎಂದ. "ನಮ್ಮ ಮನ್ಯಾಗ ಅಂವ ಅಳಲಿಲ್ಲ."