ಇಮಾಮ್ ಸಾಬರ ಕಾರಿನ ಎಡಬಾಗಿಲು

ಮೊಮ್ಮಗಳ ಹೊಸ ಕಾರು ಹೊರಟು ಹತ್ತು ಮಾರು ಹೋಗುವುದರೊಳಗೆ ಅದರ ನಾಲ್ಕೂ ಬಾಗಿಲುಗಳು ಒಟ್ಟಿಗೆ ‘ಟಕ್’ ಎನ್ನುತ್ತವೆ. ಯಾರೂ ಮುಟ್ಟುವುದಿಲ್ಲ, ಯಾರೂ ಹೇಳುವುದಿಲ್ಲ. ತಮ್ಮಷ್ಟಕ್ಕೆ ತಾವೇ ಚಿಲಕ ಹಾಕಿಕೊಂಡುಬಿಡುತ್ತವೆ. ಅಷ್ಟಾದರೂ ನನ್ನ ಎಡಗೈಗೆ ನಂಬಿಕೆಯಿಲ್ಲ. ಮೆಲ್ಲಗೆ ಹೋಗಿ ಬಾಗಿಲ ಹಿಡಿಕೆಯನ್ನು ಹಿಡಿದುಕೊಳ್ಳುತ್ತದೆ. ಮೊನ್ನೆ ಶಿರಸಿ ದಾಟಿ ಯಲ್ಲಾಪುರದ ರಸ್ತೆ ಹಿಡಿದಾಗಲೂ ಹಾಗೇ ಆಯಿತು.

“ಅಮ್ಮಮ್ಮ, ಎಂತಕ್ಕೆ ಅದ್ನ ಹಂಗೆ ಹಿಡ್ಕಂಡು ಕೂತಿದ್ದೆ? ಲಾಕ್ ಆಜು,” ಎಂದು ನಕ್ಕಳು ಮೊಮ್ಮಗಳು.

“ಯಂಗೆ ಗೊತ್ತಿದ್ದು ಕೂಸೆ. ಕೈಗೆ ಗೊತ್ತಿಲ್ಲೆ,” ಎಂದೆ.

ನೀವೂ ನಗಬಹುದು. ಆದರೆ ನನ್ನ ಕೈ ಕಾರಿನ ಬಾಗಿಲ ಬಗ್ಗೆ ಪಾಠ ಕಲಿತದ್ದು ಮೂವತ್ತರ ದಶಕದಲ್ಲಿ, ಶಿರಸಿಯ ಇಮಾಮ್ ಸಾಬರ ಬಾಡಿಗೆ ಕಾರಿನಲ್ಲಿ. ಆ ಕಾಲದಲ್ಲಿ ಬಾಗಿಲು ಹಾಕಿದರೆ ಹಾಕಿಯೇ ಇರುತ್ತದೆ ಎಂದು ಯಾರೂ ಭರವಸೆ ಕೊಡುತ್ತಿರಲಿಲ್ಲ.

ಆ ಕಾರಿನ ಕುಲಗೋತ್ರ ಹೇಳುವುದು ಕಷ್ಟ. ಯಾರೋ ಬಿಳಿ ದೊರೆ ಬಿಟ್ಟುಹೋದ ಗಾಡಿಯಂತೆ. ಅದರ ಮೈಯೆಲ್ಲ ತುಕ್ಕು ತಿಂದು ಉದುರಿತ್ತು. ಸಾಬರು ಅದನ್ನು ಕಿತ್ತೆಸೆದು, ಎಲ್ಲೋ ಮುರಿದುಬಿದ್ದ ಲಾರಿಯ ಎಂಜಿನ್ನು ತಂದು ಕೂರಿಸಿದರು. ಮೇಲಿನ ಮೈಯನ್ನು ಸಿದ್ದಾಪುರದ ಒಬ್ಬ ಆಚಾರಿ ಹಲಸಿನ ಹಲಗೆಯಲ್ಲಿ ಕಟ್ಟಿಕೊಟ್ಟ. ಲಾರಿ ಎಳೆಯಬೇಕಾದ ಎಂಜಿನ್ನಿಗೆ ಹಗುರಾದ ಮರದ ಪೆಟ್ಟಿಗೆ ಕಟ್ಟಿದರೆ ಏನಾಗುತ್ತದೆ? ಮೂರು ತಾಲೂಕಿನಲ್ಲಿ ಅದರ ಮುಂದೆ ಹೋಗುವ ಗಾಡಿಯೇ ಇರಲಿಲ್ಲ. ಕೆಂಪು ಧೂಳೆಬ್ಬಿಸಿಕೊಂಡು ಅದು ಬಂದರೆ, ನಮ್ಮೂರು ಕೋಲಸಿರ್ಸಿಯಲ್ಲಿ ಗದ್ದೆಯ ಎತ್ತುಗಳು ಕೂಡ ತಲೆಯೆತ್ತಿ ನೋಡುತ್ತಿದ್ದವು. ನಾವು ಹುಡುಗಿಯರು ಅಂಗಳದಿಂದ ಓಡಿಬರುವಷ್ಟರಲ್ಲಿ ಬರೀ ಪೆಟ್ರೋಲಿನ ವಾಸನೆ ಉಳಿದಿರುತ್ತಿತ್ತು. ಆ ವಾಸನೆಯನ್ನು ನಿಂತು ಎಳೆದುಕೊಳ್ಳುತ್ತಿದ್ದೆವು. ನನಗೆ ಅದು ಈಗಲೂ ಇಷ್ಟ, ವೈದ್ಯರಿಗೆ ಹೇಳಬೇಡಿ.

ಅಂಥ ಕಾರಿಗೆ ಇದ್ದ ಐಬು ಒಂದೇ, ಹಿಂದಿನ ಎಡಬಾಗಿಲು. ಆಚಾರಿ ಅದನ್ನು ಅಳೆದು ಕೂರಿಸಿದ್ದು ಆಷಾಢದಲ್ಲಿ. ಆಗ ಮರ ಉಬ್ಬಿ ಬಾಗಿಲು ಬಿಗಿಯಾಗಿ ಕೂತಿತ್ತು. ಬೇಸಗೆ ಬಂತು, ಹಲಗೆ ಒಣಗಿ ಒಂದು ಬೆರಳು ಕುಗ್ಗಿತು. ಚಿಲಕದ ನಾಲಿಗೆ ಚೌಕಟ್ಟಿಗೆ ಮುಟ್ಟದಾಯಿತು. ಸಾಲದ್ದಕ್ಕೆ ಬಾಗಿಲಿನ ತಿರುಗಣಿಗಳು ಹಿಂಬದಿಗಿದ್ದವು. ಕಾರು ಬಲಕ್ಕೆ ತಿರುಗಿತೋ, ಬಾಗಿಲು ಮುಂಗಡೆಯಿಂದ ಬಿರಿದು, ಗಾಳಿ ಹಿಡಿದು, ಧಡ್ಡನೆ ಪೂರಾ ತೆರೆದುಕೊಳ್ಳುತ್ತಿತ್ತು. ತ್ಯಾಗಲಿಯ ಭಟ್ಟರೊಬ್ಬರ ಕೊಡೆ, ಮನ್ಮನೆಯ ಮದುವೆ ದಿಬ್ಬಣದವರ ಒಂದು ಬುಟ್ಟಿ ಹೋಳಿಗೆ ಹೀಗೇ ರಸ್ತೆಯ ಪಾಲಾಗಿದ್ದವು. ಹೋಳಿಗೆಯನ್ನು ಹಿಂದೆ ಬರುತ್ತಿದ್ದ ಎತ್ತಿನ ಗಾಡಿಯವರು ತಿಂದರೆಂದು ಸುದ್ದಿ.

ಇಷ್ಟಾದರೂ ಸಾಬರು ಬಾಗಿಲ ತಪ್ಪನ್ನು ಒಪ್ಪಿದವರಲ್ಲ. ಎತ್ತರದ ಆಳು, ಮೆಹಂದಿ ಹಚ್ಚಿದ ಗಡ್ಡ, ಮಾತು ಕಡಿಮೆ. ಯಾರಾದರೂ ದೂರಿದರೆ ಸಿದ್ಧವಾದ ಒಂದೇ ಉತ್ತರ: “ಬಾಗ್ಲು ಬರೋಬ್ಬರಿ ಅದೆ. ನೀವು ಕೂತದ್ದೇ ಬರೋಬ್ಬರಿ ಇಲ್ಲ.” ಹೆತ್ತವರು ಮಗುವಿನ ಮೇಲೆ ಮಾತು ಬಾರದಂತೆ ನೋಡಿಕೊಳ್ಳುವ ಹಾಗೆ ಅವರು ಆ ಬಾಗಿಲನ್ನು ನೋಡಿಕೊಳ್ಳುತ್ತಿದ್ದರು. ಆದರೆ ಒಳಗೆ ಹಿಡಿಕೆಗೆ ಒಂದು ತೆಂಗಿನ ನಾರಿನ ಹಗ್ಗ ಮಾತ್ರ ಕಟ್ಟಿದ್ದರು. ಅದಕ್ಕೊಂದು ಕಾನೂನೂ ಇತ್ತು. ಬಾಗಿಲ ಪಕ್ಕ ಕೂತವರು ಹಗ್ಗ ಹಿಡಿಯಬಾರದು. ಅವರು ಬಿದ್ದರೆ ಹಗ್ಗವೂ ಅವರ ಜೊತೆಗೇ ಹೋಗುತ್ತದೆ. ಹಿಡಿಯಬೇಕಾದವರು ನಡುವೆ ಕೂತವರು.

ಒಂದು ಚೈತ್ರದ ಬೆಳಿಗ್ಗೆ ಹಾಗೆ ನಡುವೆ ಕೂತವಳು ನಾನು. ನನಗೆ ಒಂಬತ್ತು ವರ್ಷ. ಬಾಗಿಲ ಪಕ್ಕ ಗಂಗತ್ತೆ, ಅಪ್ಪಯ್ಯನ ತಂಗಿ. ಅಪ್ಪಯ್ಯ ಮುಂದೆ, ಸಾಬರ ಪಕ್ಕದಲ್ಲಿ. ನನ್ನ ಬಲಕ್ಕೆ ಅತ್ತೆಯ ಟ್ರಂಕು.

ಗಂಗತ್ತೆಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಗಂಡ ತೀರಿಕೊಂಡ ಮೇಲೆ ಯಲ್ಲಾಪುರದ ಮನೆಯವರು ಅವಳನ್ನು ತವರಿಗೆ ಕಳಿಸಿಬಿಟ್ಟಿದ್ದರು. ಎರಡು ವರ್ಷ ಅವಳು ಬದುಕಿದ್ದಾಳೋ ಎಂದು ಕೇಳದವರು, ಅಡುಗೆಯವಳು ಬಿಟ್ಟುಹೋದ ಕೂಡಲೇ ಕಾಗದ ಬರೆದರು: ಸೊಸೆಯನ್ನು ಕಳಿಸಿಕೊಡಿ, ಇನ್ನು ಇಲ್ಲೇ ಇರಲಿ. ಅಪ್ಪಯ್ಯ ಕೆಟ್ಟವನಲ್ಲ. ಆದರೆ ಗಂಡನ ಮನೆಯವರು ಕರೆದ ಮೇಲೆ ಇಲ್ಲ ಎನ್ನುವ ಬಾಯಿ ಅವನಿಗಿರಲಿಲ್ಲ. ಅತ್ತೆ ಟ್ರಂಕು ತುಂಬಿಕೊಂಡಳು. ನನಗೆ ಅಕ್ಷರ ಕಲಿಸುತ್ತಿದ್ದವಳು ಅವಳು. ಒತ್ತಕ್ಷರಗಳು ಇನ್ನೂ ಅರ್ಧ ಉಳಿದಿದ್ದವು. ಅವಳು ಹೋದರೆ ನನಗಾಗುವ ನಷ್ಟ ಅದೊಂದೇ ಎಂದು ನಾನು ತಿಳಿದಿದ್ದೆ. ಹಿಂದಿನ ದಿನವೆಲ್ಲ ಅದಕ್ಕೇ ಅತ್ತಿದ್ದೆ. ಅಳು ನಿಲ್ಲಲೆಂದೇ ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೊರಟಿದ್ದರು.

ಅಪ್ಪಯ್ಯನಿಗೆ ಪ್ರಯಾಣದ ಶಾಸ್ತ್ರ ಬಹಳ. ಒಳ್ಳೆಯ ಗಳಿಗೆ ನೋಡಿಯೇ ಹೊರಡಬೇಕು. ದಾರಿಯಲ್ಲಿ ಒಂದು ವಿಘ್ನವಾದರೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಎರಡಾದರೂ ಹಾಗೆಯೇ. ಮೂರಾದರೆ ಮಾತ್ರ ಹಿಂದಿರುಗಬೇಕು, ಮತ್ತು ಆ ಕೆಲಸಕ್ಕೆ ಮತ್ತೆಂದೂ ಹೊರಡಬಾರದು. ಮನುಷ್ಯರ ಅಜಾಗರೂಕತೆ ಇದರಲ್ಲಿ ಲೆಕ್ಕಕ್ಕಿಲ್ಲ. ತಾನಾಗಿ ಆದದ್ದೇ ವಿಘ್ನ.

ಶಿರಸಿಗೆ ಇನ್ನೂ ಎರಡು ಮೈಲು ಇರುವಾಗ ಬಾಗಿಲು ಮೊದಲ ಸಲ ತೆರೆಯಿತು. ಹಗ್ಗ ನನ್ನ ಕೈ ಸುತ್ತಿದ್ದರಿಂದ ಬಾಗಿಲು ಒಂದು ಮೊಳ ತೆರೆದು ನಿಂತಿತು. ಆ ಒಂದು ಮೊಳದಲ್ಲಿ ಕೆಂಪು ರಸ್ತೆ ನೀರಿನ ಹಾಗೆ ಹರಿಯುತ್ತಿದ್ದುದನ್ನು ಕಂಡೆ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ನಿದ್ದೆಗಣ್ಣಿನಲ್ಲಿ ಏನೋ ಚಂದದ್ದು ನೋಡಿದ ಹಾಗಿತ್ತು. “ಒಂದು ಆತು,” ಎಂದ ಅಪ್ಪಯ್ಯ. ಇಳಿದು ಕೂತೆವು, ತಂಬಿಗೆಯ ನೀರು ಕುಡಿದೆವು. ಸಾಬರು ಬಾಗಿಲನ್ನು ಎರಡು ಸಲ ತಟ್ಟಿ, “ಬರೋಬ್ಬರಿ ಅದೆ,” ಎಂದರು.

ಶಿರಸಿ ದಾಟಿ ಕಾಡು ಶುರುವಾದ ಮೇಲೆ ಎರಡನೆಯ ಸಲ. ಮತ್ತೆ ನೀರು. ಅಪ್ಪಯ್ಯ ಈ ಸಲ ಆಕಾಶ ನೋಡಿದ. ಅತ್ತೆ ಅಪ್ಪಯ್ಯನನ್ನು ನೋಡಿದಳು. ಆಮೇಲೆ ಅವಳು ಕಣ್ಣುಮುಚ್ಚಿ ಕೂತುಬಿಟ್ಟಳು. ಎಂಜಿನ್ನಿನ ಗುಂಯ್‌ಗುಡುವಿಕೆ, ಮತ್ತಿಮರಗಳ ನೆರಳು ಬಿಸಿಲು ಒಂದರ ಹಿಂದೊಂದು ಅವಳ ಮುಖದ ಮೇಲೆ ಹಾಯುವುದು, ಇವುಗಳ ನಡುವೆ ನಾನೂ ತೂಕಡಿಸುತ್ತಿದ್ದೆ. ಆ ದಾರಿ ಮುಗಿಯಲೇಬಾರದು ಅನ್ನಿಸುತ್ತಿತ್ತು.

ಬೇಡ್ತಿ ಹೊಳೆಯ ಕಡೆಗೆ ಇಳಿಯುವಲ್ಲಿ ಬಲಕ್ಕೆ ಒಂದು ದೊಡ್ಡ ತಿರುವು ಇದೆ. ಅದಕ್ಕೆ ಸ್ವಲ್ಪ ಮುಂಚೆ ನನ್ನ ಕೈ ಮೇಲೆ ತಣ್ಣಗಿನ ಬೆರಳುಗಳು ಕೂತವು. ಅತ್ತೆಯದು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಎದುರು ನೋಡುತ್ತಿದ್ದಳು. ಎಡಗೈಯಿಂದ ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಬಲಗೈಯಿಂದ ನನ್ನ ಕೈಗೆ ಸುತ್ತಿದ್ದ ಹಗ್ಗವನ್ನು ಬಿಚ್ಚಿದಳು, ಒಂದು ಸುತ್ತು, ಮತ್ತೊಂದು ಸುತ್ತು, ಮಗುವಿನ ಜಡೆ ಬಿಚ್ಚುವಷ್ಟು ಮೆತ್ತಗೆ. ನನ್ನ ಮುಷ್ಟಿ ಇನ್ನೂ ಮುಚ್ಚಿತ್ತು. ಅವಳು ಅದನ್ನು ಬಲವಂತದಿಂದ ತೆರೆಯಲಿಲ್ಲ, ಸುಮ್ಮನೆ ಬೆರಳ ಮೇಲೆ ಬೆರಳಿಟ್ಟು ಕಾದಳು. ನಾನೇ ಬಿಟ್ಟೆ.

ಸಾಬರು ಹಿಂದಿನ ರಸ್ತೆ ನೋಡಲೆಂದು ಸಂತೆಯ ಒಂದು ದುಂಡು ಕನ್ನಡಿಯನ್ನು ಎದುರಿಗೆ ಕಟ್ಟಿಕೊಂಡಿದ್ದರು. ಅದರಲ್ಲಿ ಅವರ ಕಣ್ಣು ಕಂಡಿತು. ಅದು ನಮ್ಮ ಕೈಗಳನ್ನು ನೋಡುತ್ತಿತ್ತು.

ಕಾರು ಬಲಕ್ಕೆ ತಿರುಗಿತು. ಬಾಗಿಲು ಧಡ್ಡನೆ ತೆರೆದು ಹೊರಮೈಗೆ ಬಡಿಯಿತು. ಗಾಳಿ ನುಗ್ಗಿ ಅತ್ತೆಯ ಸೆರಗು ಹೊರಗೆ ಹಾರಿತು. ಅವಳು ಸರಳು ಬಿಡಲಿಲ್ಲ. ಸಾಬರು ಮೆತ್ತಗೆ ಗಾಡಿ ನಿಲ್ಲಿಸಿದರು.

ಅಪ್ಪಯ್ಯ ಹಿಂತಿರುಗಿ ನೋಡಿದವನು ನನ್ನ ಬರಿಗೈ ಕಂಡು ಕೆಂಡವಾದ. “ಎಂತಕ್ಕೆ ಹಗ್ಗ ಬಿಟ್ಟೆ? ನಿದ್ದೆ ಮಾಡಿದ್ಯಾ? ಕೂಸು ಬಿಟ್ಟಿದ್ದು ವಿಘ್ನ ಅಲ್ಲ. ನಡೀರಿ ಸಾಬ್ರೆ, ಹೋಗೋಣ.”

ಅತ್ತೆಯ ಕೈ ನನ್ನ ಕೈಯಲ್ಲಿ ಮಂಜುಗಡ್ಡೆಯಾಗಿತ್ತು. ಇಡೀ ದಾರಿ ಒಂದು ಮಾತಿನ ಮೇಲೆ ನಿಂತಿದೆ ಎಂದು ಒಂಬತ್ತು ವರ್ಷದ ನನಗೂ ತಿಳಿಯಿತು. ಆದರೆ ಆ ಮಾತು ಆಡಬೇಕಾದವರು ನಾವಿಬ್ಬರೂ ಅಲ್ಲ.

ಸಾಬರು ಇಳಿದರು. ಬಾಗಿಲ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟರು.

“ಹುಡುಗಿ ಬಿಟ್ಟಿಲ್ಲ ಹೆಗಡೇರೆ,” ಎಂದರು. “ನಾನು ಕನ್ನಡೀಲಿ ನೋಡ್ತಾನೇ ಇದ್ದೆ. ಹಗ್ಗ ಬಿಗಿಯಾಗೇ ಇತ್ತು. ಬಾಗ್ಲು ಎಳಕೊಂಡು ಹೋಯ್ತು. ನನ್ನ ಬಾಗ್ಲೇ ಸರಿ ಇಲ್ಲ.”

ಅಪ್ಪಯ್ಯನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಇಮಾಮ್ ಸಾಬರು ಬಾಗಿಲು ಸರಿಯಿಲ್ಲ ಎಂದರೆಂದ ಮೇಲೆ ಅದು ದೈವದ ಮಾತೇ ಇರಬೇಕು. “ಮೂರಾಯ್ತು,” ಎಂದ. “ಗಾಡಿ ತಿರುಗಿಸಿ.” ಅವನ ದನಿಯಲ್ಲಿ ಸಂಕಟವಿರಲಿಲ್ಲ, ಹೊರೆ ಇಳಿಸಿದವನ ಸುಸ್ತಿತ್ತು. ಅವನಿಗೂ ಒಂದು ನೆಪ ಬೇಕಿತ್ತೋ ಏನೋ ಎಂದು ಈಗ ಅನ್ನಿಸುತ್ತದೆ. ಪಾಪ, ಅಪ್ಪಯ್ಯ!

ವಾಪಸು ಬರುವಾಗ ಅತ್ತೆ ಅತ್ತಳು. ಸದ್ದಿಲ್ಲದೆ, ಶಿರಸಿ ಬರುವವರೆಗೂ.

ಯಲ್ಲಾಪುರಕ್ಕೆ ಕಾಗದ ಹೋಯಿತು. ಮೂರು ವಿಘ್ನ ಎಂದ ಮೇಲೆ ಅವರೂ ಬಾಯಿ ಮುಚ್ಚಿಕೊಂಡರು. ಗಂಗತ್ತೆ ನಮ್ಮಲ್ಲೇ ಉಳಿದಳು. ನನ್ನ ಒತ್ತಕ್ಷರಗಳು ಮುಗಿದವು. ಊರಿನ ಬೇರೆ ಹುಡುಗಿಯರೂ ಸ್ಲೇಟು ಹಿಡಿದು ನಮ್ಮ ಜಗಲಿಗೆ ಬರತೊಡಗಿದರು. ಸಾಬರ ಮಾತು ಮಾತ್ರ ಅಪ್ಪಯ್ಯನ ಬಾಯಿಂದ ಊರೂರು ಸುತ್ತಿ, ಕೊಡೆ ಕಳೆದುಕೊಂಡ ಭಟ್ಟರವರೆಗೂ ಹೋಯಿತು. ಪೇಟೆಯಲ್ಲಿ ಜನ ಅವರನ್ನು ನಿಲ್ಲಿಸಿ, “ಏನು ಸಾಬ್ರೆ, ಬಾಗ್ಲು ಬರೋಬ್ಬರಿ ಅದ್ಯೋ?” ಎಂದು ನಗುತ್ತಿದ್ದರಂತೆ. ಅವರು ಬಾಗಿಲಿಗೆ ಒಂದು ಕಬ್ಬಿಣದ ಅಗಳಿ ಹಾಕಿಸಿದರು. ಆಮೇಲೆ ಅದು ಒಮ್ಮೆಯೂ ತೆರೆಯಲಿಲ್ಲ.

ಪ್ರತಿ ವರ್ಷ ಅತ್ತೆ ಒಂದು ಭರಣಿ ಮಿಡಿ ಉಪ್ಪಿನಕಾಯಿಯನ್ನು ಸಾಬರ ಮನೆಗೆ ಕಳಿಸುತ್ತಿದ್ದಳು. ಒಮ್ಮೆ ಅಪ್ಪಯ್ಯ, “ಸಾಬ್ರಿಗೆ ಎಂತಕ್ಕೇ?” ಎಂದು ಕೇಳಿದ. ಅತ್ತೆ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತ, “ಅವ್ರ ಬಾಗ್ಲು ಚೊಲೋ ಇತ್ತು ಅಣ್ಣ,” ಎಂದಳು. ಅಪ್ಪಯ್ಯನಿಗೆ ಅರ್ಥವಾಗಲಿಲ್ಲ. ನಾನು ಎದ್ದು ಹೊರಗೆ ಹೋದೆ. ನಾವಿಬ್ಬರೂ ಆ ದಿನದ ಬಗ್ಗೆ ಅವಳು ಸಾಯುವವರೆಗೂ ಮಾತಾಡಲಿಲ್ಲ.

ಮೊನ್ನೆ ಬೇಡ್ತಿಯ ಆ ತಿರುವು ಬಂದಾಗ ಮೊಮ್ಮಗಳಿಗೆ ಕಾರು ನಿಲ್ಲಿಸಲು ಹೇಳಿದೆ. ಲಾಕು ತೆಗೆಸಿ, ನಾನೇ ಬಾಗಿಲು ತೆರೆದು, ಹಾಗೇ ಕೂತೆ. ರಸ್ತೆಗೆ ಡಾಂಬರು ಬಂದಿದೆ, ಗಾಳಿ ಅದೇ. ಸೆರಗು ಸ್ವಲ್ಪ ಹಾರಿತು. ಕಾರು ಒಂದೇ ಸಮನೆ ಟಿಣ್ ಟಿಣ್ ಎನ್ನತೊಡಗಿತು.

“ಎಂತ ಆತೇ ಇದ್ಕೆ?” ಎಂದು ಕೇಳಿದೆ.

“ಬಾಗ್ಲು ತೆಗದ್ದೆ ಹೇಳಿ ದೂರು ಹೇಳ್ತಾ ಇದ್ದು ಅಮ್ಮಮ್ಮ.”

ಯಾರು ತೆರೆದರೆಂದು ಕಂಡೂ ಹೇಳದೆ, ತಮ್ಮ ಬಾಗಿಲನ್ನೇ ದೂರಿದವರ ಗಾಡಿಯಲ್ಲಿ ಕೂತುಬಂದವಳು ನಾನು. ನೀರಿನ ಬಾಟಲಿ ಕೇಳಿ ಎರಡು ಗುಟುಕು ಕುಡಿದೆ. ಬಾಗಿಲು ಹಾಕಿಕೊಂಡೆ. ಕಾರು ಹೊರಟಿತು, ‘ಟಕ್’ ಎಂದಿತು. ನನ್ನ ಕೈ ಮಡಿಲಲ್ಲೇ ಇತ್ತು.