ಎರಡು ಬ್ರೇಕಿನ ಕಾರು

ಆ ಬೀದಿಯಲ್ಲಿ ಯಾರ ಸೊಂಟ ಎಷ್ಟು ಹಿಗ್ಗಿತು ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಮೇಷ್ಟ್ರಮ್ಮನಿಗೆ. ಪ್ಯಾಂಟು ಬಿಗಿಯಾದವರು, ಜಿಪ್ಪು ಕಿತ್ತವರು, ತೋಳು ಉದ್ದವಾದವರು ಮುಖ್ಯರಸ್ತೆಯ ಬಟ್ಟೆ ಅಂಗಡಿಗೆ ತಂದು ಕೊಡುತ್ತಾರೆ. ಅಂಗಡಿಯವನು ಅದನ್ನೆಲ್ಲ ಗಂಟು ಕಟ್ಟಿ ಇಟ್ಟಿರುತ್ತಾನೆ. ಇವಳು ಹೋಗಿ ತಂದು, ಮನೆಯ ಮುಂಗೋಣೆಯ ಹೊಲಿಗೆ ಯಂತ್ರದಲ್ಲಿ ಸರಿಮಾಡಿ ವಾಪಸು ಒಯ್ಯುತ್ತಾಳೆ. ಬೀದಿಯವರ ಗುಟ್ಟನ್ನೆಲ್ಲ ಬಿಚ್ಚಿ ಹೊಲಿಯುವವಳೊಂದಿಗೆ ಬೀದಿಯವರ ಮಾತು "ಊಟ ಆಯ್ತಾ" ಎನ್ನುವಲ್ಲಿಗೇ ಮುಗಿಯುತ್ತದೆ. ಆಯ್ತು ಎನ್ನುವ ಹೊತ್ತಿಗೆ ಕೇಳಿದವರು ಅಲ್ಲಿರುವುದಿಲ್ಲ.

ಮೇಷ್ಟ್ರಮ್ಮ ಎಂದರೆ ಬ್ರೇಕ್ ಮೇಷ್ಟ್ರ ಹೆಂಡತಿ. ಮೇಷ್ಟ್ರು ಕಲಿಸುತ್ತಿದ್ದದ್ದು ಕಾರು ಓಡಿಸುವುದನ್ನು. ಅವರ ಬೂದುಬಣ್ಣದ ಕಾರಿಗೆ ಎರಡು ಬ್ರೇಕು: ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಡಿ. ಊರಿನ ಅರ್ಧ ಜನ ಅದರಲ್ಲೇ ಕಲಿತವರು. ಹೆಂಡತಿಗೆ ಮಾತ್ರ ಕಲಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅವಳು ಕೇಳಿದಾಗಲೆಲ್ಲ, "ನಾನಿದ್ದೀನಲ್ಲ, ನಿನಗ್ಯಾಕೆ ಆ ಕಷ್ಟ?" ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಅದೇ ತೊಂದರೆಯಾದದ್ದು.

ಮೇಷ್ಟ್ರ ಬಲಗಾಲಿಗೆ ಒಂದು ಹುಚ್ಚು ಅಂಟಿಕೊಂಡಿತ್ತು. ಯಾರ ಗಾಡಿಯಲ್ಲಿ ಕೂತರೂ ತಿರುವು ಬಂದ ಕೂಡಲೇ ಅದು ನೆಲವನ್ನು ಒತ್ತುತ್ತಿತ್ತು. ಮನೆಯಲ್ಲಿ ಟೀವಿ ನೋಡುವಾಗ ಪರದೆಯ ಮೇಲೆ ಲಾರಿಯೊಂದು ನುಗ್ಗಿ ಬಂದರೂ ಒತ್ತುತ್ತಿತ್ತು. "ರೀ, ಟೀವಿಗೂ ಬ್ರೇಕ್ ಹಾಕ್ತೀರಾ?" ಎಂದು ಅವಳು ಕೇಳಬೇಕು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಬೇಕು. ಮಕ್ಕಳಿಲ್ಲದ ಆ ಮನೆಯಲ್ಲಿ ಇದ್ದ ಗದ್ದಲವೆಂದರೆ ಅಷ್ಟೇ.

ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಮೇಷ್ಟ್ರ ಎದೆ ಹೇಳದೆ ಕೇಳದೆ ನಿಂತಿತು. ಕಾರೂ ಅಂದಿನಿಂದ ಮನೆಯ ಮುಂದೆ ನಿಂತಲ್ಲೇ ನಿಂತಿದೆ. ಬ್ಯಾಟರಿ ಸತ್ತಿದೆ, ಚಕ್ರಗಳು ಗಾಳಿ ಬಿಟ್ಟು ಕುಸಿದಿವೆ. ಮಾರಿಬಿಡಿ ಎಂದವರಿಗೆಲ್ಲ ಅವಳು ನೋಡೋಣ ಎಂದಳು. ದಿನವೂ ಸಂಜೆ ಯಂತ್ರಕ್ಕೆ ಮುಸುಕು ಹಾಕಿ, ಹೋಗಿ ಮೇಷ್ಟ್ರ ಸೀಟಿನಲ್ಲಿ ಕೂರುತ್ತಾಳೆ. ಅವರ ಮೈಭಾರಕ್ಕೆ ತಗ್ಗಾದ ಸೀಟು ಅದು. ಬಲಗಾಲನ್ನು ಅವರ ಬ್ರೇಕಿನ ಮೇಲಿಟ್ಟು, ಆ ದಿನ ಯಾರ ಪ್ಯಾಂಟಿನ ಸೊಂಟ ಬಿಡಿಸಿದೆ, ಅಂಗಡಿಯವನು ಏನೆಂದ, ಮಂಡಿ ಎಷ್ಟು ನೋಯಿತು, ಎಲ್ಲ ಹೇಳುತ್ತಾಳೆ. ಬೀದಿಯವರು ಕಂಡೂ ಕಾಣದಂತೆ ಹೋಗುತ್ತಾರೆ.

ಹೀಗಿರುವಾಗ ನಗರಸಭೆ ಚುನಾವಣೆ ಬಂತು. ಆ ವಾರ್ಡಿನ ಜಗಳವೆಲ್ಲ ಒಂದೇ ವಿಷಯಕ್ಕೆ: ಬೀದಿಯೊಳಗೆ ಬಸ್ಸು ಬರಬೇಕೋ, ಬೇಡವೋ. ಎರಡೂ ಬದಿ ಕಾರು ನಿಂತ ಬೀದಿಗೆ ಬಸ್ಸು ನುಗ್ಗುವುದಿಲ್ಲ, ಮುಖ್ಯರಸ್ತೆಯಿಂದಲೇ ತಿರುಗಿ ಹೋಗುತ್ತದೆ. ಔಷಧಿ ಅಂಗಡಿ ನಡೆಸುವ ಹೆಂಗಸು, ಮೇಷ್ಟ್ರಮ್ಮನ ಮನೆಯಿರುವ ಬದಿಯ ಕಾರುಗಳನ್ನೆಲ್ಲ ತೆಗೆಸಿ ಬಸ್ಸು ತರುತ್ತೇನೆ ಎಂದು ನಿಂತಳು. ಅವಳಿಗೆ ಎದುರಾಗಿ ನಿಂತವನು ಕಂಟ್ರಾಕ್ಟರು. ನಿಮ್ಮ ಮನೆ ಮುಂದಿನ ಜಾಗ ನಿಮ್ಮದು, ಒಂದು ಕಾರನ್ನೂ ಮುಟ್ಟಲು ಬಿಡುವುದಿಲ್ಲ ಎಂಬುದು ಅವನ ಮಾತು.

ಔಷಧಿ ಅಂಗಡಿಯವಳು ಮನೆಗೆ ಬಂದಳು. ಅವಳೂ ಮೇಷ್ಟ್ರ ಶಿಷ್ಯೆಯೇ.

"ಮೇಷ್ಟ್ರಮ್ಮ, ನಿಮ್ಮ ಹತ್ರ ಸುಳ್ಳು ಹೇಳೋಕೆ ಬಾಯಿ ಬರಲ್ಲ. ನಾನು ಗೆದ್ರೆ ಈ ಕಾರು ಇಲ್ಲಿಂದ ಹೋಗ್ಬೇಕಾಗತ್ತೆ."

"ಇದ್ರಲ್ಲೇ ಕಲ್ತೋಳಲ್ವೇನೇ ನೀನು!"

"ಹೌದು. ಗೋಡೆಗೆ ಗುದ್ದೋಳಿದ್ದೆ, ಮೇಷ್ಟ್ರು ಬ್ರೇಕ್ ಹಾಕಿದ್ರು. ಮರೆತಿಲ್ಲ."

"ಮರೀದೇ ಇರೋರು ಹೀಗೆ ಮಾಡ್ತಾರಾ? ಎದ್ದು ಹೋಗಮ್ಮ."

ಈ ಸುದ್ದಿ ಕಂಟ್ರಾಕ್ಟರಿಗೆ ಮುಟ್ಟಲು ಹೊತ್ತಾಗಲಿಲ್ಲ. ಆತ ಅದೇ ಸಂಜೆ ಬಂದ, ಅಕ್ಕ ಎಂದ, ಮರುದಿನವೂ ಬಂದ. ಅವನ ಕಡೆಯವರು ಕುರ್ಚಿ ಎಳೆದು ಕೂತರು, ಚಹಾ ಕುಡಿದರು, ಮೇಷ್ಟ್ರ ಕಥೆ ಕೇಳಿದರು. ನಾಲ್ಕು ವರ್ಷ ಒಂದೇ ಲೋಟ ತೊಳೆದವಳು ಈಗ ತಟ್ಟೆ ತುಂಬ ಲೋಟ ತೊಳೆದಳು. ಇವರೆಲ್ಲ ಮೂಗಿಗೆ ತುಪ್ಪ ಸವರುತ್ತಿದ್ದಾರೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಒಂಟಿ ಮನೆಗೆ ಆ ವಾಸನೆಯೂ ಬೇಕಾಗಿತ್ತು.

ಕೊನೆಯ ಸಭೆಗೆ ಅವಳನ್ನು ವೇದಿಕೆಯ ಮೇಲೇ ಕೂರಿಸಿದರು. ಕಂಟ್ರಾಕ್ಟರು ಮೈಕು ಹಿಡಿದ. "ನೋಡಿ ಈ ತಾಯೀನ! ಯಜಮಾನ್ರು ಉಳಿಸಿ ಹೋಗಿರೋದು ಇದೊಂದೇ ಕಾರು. ಅಂಗಡಿಗೆ ಹೋಗ್ಬೇಕಾ, ಆಸ್ಪತ್ರೆಗೆ ಹೋಗ್ಬೇಕಾ, ಇವ್ರಿಗೆ ಆ ಕಾರೇ ಗತಿ!"

ಕೆಳಗೆ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹರಿಯಿತು. ಅವಳಿಗೆ ಓಡಿಸಲು ಬಾರದು, ಕಾರು ಓಡದು, ಅವಳು ಗಂಟನ್ನು ಸೊಂಟದ ಮೇಲಿಟ್ಟುಕೊಂಡು ಕುಂಟುತ್ತ ಮುಖ್ಯರಸ್ತೆಗೆ ನಡೆದೇ ಹೋಗುತ್ತಾಳೆ ಎಂಬುದು ಇಡೀ ಬೀದಿಗೆ ಗೊತ್ತು. ಗೊತ್ತಿಲ್ಲದಿದ್ದದ್ದು ಅಕ್ಕ ಅಕ್ಕ ಎಂದವನೊಬ್ಬನಿಗೇ.

ಮೇಷ್ಟ್ರಮ್ಮ ಆ ನಗುವ ಮುಖಗಳನ್ನು ನೋಡಿದಳು. ಮುಕ್ಕಾಲು ಪಾಲು ಮೇಷ್ಟ್ರ ಶಿಷ್ಯರೇ. ಹಾಗಾದರೆ ಇವರೆಲ್ಲ ನೋಡಿದ್ದಾರೆ. ದಿನವೂ ನೋಡಿದ್ದಾರೆ. ಮೇಷ್ಟ್ರು ಕಲಿಸಿದ ಹಾಗೆಯೇ ಹಾರನ್ ಹೊಡೆದು, ಅವರು ಕಲಿಸಿದ ಹಾಗೆಯೇ ಬದಿಗೆ ಸರಿದು, ಅವಳನ್ನು ದಾಟಿ ಹೋಗಿದ್ದಾರೆ. ಒಬ್ಬರೂ ಬ್ರೇಕು ಹಾಕಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇ ಇರುವುದಿಲ್ಲ, ಇನ್ನು ಅಂಬಿಗನ ಹೆಂಡತಿಯ ಹಂಗು ಯಾರಿಗೆ? ಖಾಲಿ ಮನೆಯಲ್ಲಿ ಎಂದೂ ಆಗದಷ್ಟು ಒಂಟಿತನ ಅವಳಿಗೆ ಆ ತುಂಬಿದ ಸಭೆಯಲ್ಲಿ ಆಯಿತು.

ಅವಳು ಮೈಕಿಗೆ ಕೈ ಚಾಚಿದಳು. ಕಂಟ್ರಾಕ್ಟರು ಹಲ್ಲು ಕಿರಿದು ಕೊಟ್ಟ.

"ನಂಗೆ ಕಾರು ಓಡ್ಸೋಕೆ ಬರಲ್ಲ. ಅವ್ರು ಕಲಿಸ್ಲಿಲ್ಲ. ಸಂಜೆ ಹೊತ್ತು ಅದ್ರಲ್ಲಿ ಕೂತ್ಕೋತೀನಿ, ನೀವೆಲ್ಲ ನೋಡಿದೀರ. ಕೂತ್ಕೊಳ್ಳೋಕೆ ನಂಗೆ ಆ ಕಾರು ಬೇಕು." ಕೈ ತಾನಾಗಿ ಮಂಡಿಗೆ ಹೋಯಿತು. "ಹೋಗೋಕೆ ಬಸ್ಸೇ ಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಂಟ್ರಾಕ್ಟರು ಮೈಕು ಕಿತ್ತುಕೊಳ್ಳುವಷ್ಟರಲ್ಲಿ ಸಭೆಯ ಹಿಂದಿನ ಸಾಲಿನವರೂ ಕೇಳಿಯಾಗಿತ್ತು. ಅವಳು ಒಬ್ಬಳೇ ಮನೆಗೆ ನಡೆದು ಬಂದು ಕಾರಿನಲ್ಲಿ ಕೂತಳು. "ನಿಮ್ಮನ್ನ ಮಾರ್ಬಿಟ್ಟೆ ಅನ್ಕೋಬೇಡಿ," ಎಂದು ಬಹಳ ಹೊತ್ತು ಅತ್ತಳು.

ಔಷಧಿ ಅಂಗಡಿಯವಳು ಕೂದಲೆಳೆಯಲ್ಲಿ ಗೆದ್ದಳು. ಮೇಷ್ಟ್ರಮ್ಮನ ಮನೆಯಲ್ಲಿ ಒಂದನ್ನು ಬಿಟ್ಟು ಉಳಿದ ಲೋಟಗಳೆಲ್ಲ ಮತ್ತೆ ಕಪಾಟು ಸೇರಿದವು.

ಕಾರು ಒಯ್ಯಲು ಕ್ರೇನು ಬಂದ ದಿನ ಹೊಸ ಸದಸ್ಯೆಯೂ ಬಂದು ಪಕ್ಕದಲ್ಲಿ ನಿಂತಳು. "ನನ್ನ ಮೇಲೆ ಸಿಟ್ಟಾ, ಮೇಷ್ಟ್ರಮ್ಮ?"

"ಸಿಟ್ಯಾಕಮ್ಮ? ಕೇಳಿದ್ದು ನಾನೇ ಅಲ್ವಾ." ಆಮೇಲೆ ಕ್ರೇನಿನವನ ಕಡೆ ತಿರುಗಿ, "ಅಪ್ಪಾ, ಅದಕ್ಕೆ ಎರಡು ಬ್ರೇಕಿದೆ, ನೋಡ್ಕೊಂಡು ಎತ್ತು," ಎಂದಳು. ಅವನಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಆದರೂ, ಪಾಪ, ತಲೆಯಾಡಿಸಿದ.

ಅಂದು ಸಂಜೆ ಯಂತ್ರಕ್ಕೆ ಮುಸುಕು ಹಾಕಿ ಬಾಗಿಲವರೆಗೆ ಬಂದಳು. ಹೋಗಲು ಜಾಗವಿರಲಿಲ್ಲ. ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗಿ ಮುಸುಕು ತೆಗೆದು ಮತ್ತೆ ಹೊಲಿಯಲು ಕೂತಳು.

ಬಸ್ಸು ಬಂತು. ಅದು ನಿಲ್ಲುವುದೂ ಕಾರು ಇದ್ದ ಜಾಗದಲ್ಲೇ. ಮೊದಲ ದಿನವೇ ಅವಳು ಗಂಟು ಹಿಡಿದು ಹತ್ತಿ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಮಂಡಿಗೆ ಹಾಯೆನಿಸಿತು, ಅದು ಸುಳ್ಳಲ್ಲ. ಬೀದಿಯ ತಿರುವಿನಲ್ಲಿ ಸೈಕಲೊಂದು ಅಡ್ಡ ಬಂತು. ಅವಳ ಬಲಗಾಲು ಅವಳನ್ನು ಕೇಳದೆ ನೆಲವನ್ನು ಬಲವಾಗಿ ಒತ್ತಿತು. ಬಸ್ಸು ನಿಂತಿತು. ಡ್ರೈವರು ನಿಲ್ಲಿಸಿದ್ದ.

ತನ್ನ ಕಾಲನ್ನೇ ನೋಡಿ ಅವಳಿಗೆ ನಗು ಉಕ್ಕಿಬಂತು. "ರೀ, ನೋಡ್ರೀ..." ಎನ್ನುತ್ತ ಪಕ್ಕಕ್ಕೆ ತಿರುಗಿದಳು. ಪಕ್ಕದ ಸೀಟಿನಲ್ಲಿ ಬಟ್ಟೆಯ ಗಂಟು ಇತ್ತು. ಅದು ಜಾರದ ಹಾಗೆ ಅದರ ಮೇಲೆ ಕೈಯಿಟ್ಟು ಕೂತಳು. ಬಸ್ಸು ಹೊರಟಿತು.